ಒಂದು ಪಹಣಿಗೆ ಎಷ್ಟು ಮೆಮೊರಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ದೀಪಾವಳಿಗೆ ಇನ್ನೊಂದು ವಾರವಿತ್ತು. ನಮ್ಮ ಕೆರೆಬಿಳಚಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹುಡುಗ ನನ್ನನ್ನು ತಡೆದು ನಿಲ್ಲಿಸಿ ಕೇಳಿದ: “ಅಣ್ಣಾ, ವಿಂಡೋಸ್ ಟೆನ್ ಬಂದ್ ಆಯ್ತಂತೆ. ಇಲೆವೆನ್ ಹಾಕಿಸ್ಬೇಕು ಅಂದ್ರೆ ಎಷ್ಟು ರ್ಯಾಮ್ ಬೇಕು? ನಂದ್ರಲ್ಲಿ ನಾಲ್ಕು ಜಿಬಿ ಐತೆ, ಸಾಕಾಗುತ್ತಾ?”

ಅವನಿಗೆ ಅಷ್ಟರಲ್ಲಿ ಮೂರು ಉತ್ತರ ಸಿಕ್ಕಿದ್ದವು. ಕಂಪನಿಯ ಪ್ರಕಟಣೆಯಲ್ಲಿ 4 ಜಿಬಿ ಎಂದಿದೆ. ದಾವಣಗೆರೆಯ ಅಂಗಡಿಯವರು 8ಕ್ಕಿಂತ ಕಡಿಮೆ ಇದ್ದರೆ ಹಾಕಿಸಲೇ ಬೇಡ ಎಂದರು. ಎಂಜಿನಿಯರಿಂಗ್ ಓದುತ್ತಿರುವ ಚಿಕ್ಕಪ್ಪನ ಮಗ 16 ಎಂದ. ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅವರು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಎಂಬುದಷ್ಟೇ ಅಲ್ಲಿದ್ದ ತೊಡಕು. ಹುಡುಗನ ಅಂಗಡಿಯಲ್ಲಿ ನಡೆಯುವ ಕೆಲಸ ಇಷ್ಟು: ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ವಿದ್ಯಾರ್ಥಿವೇತನದ ಫಾರಂ ತುಂಬುವುದು, ನುಡಿ ತಂತ್ರಾಂಶದಲ್ಲಿ ಮದುವೆ ಕಾಗದ ಟೈಪ್ ಮಾಡುವುದು. ಈ ಪಟ್ಟಿಯಲ್ಲಿ ಪಹಣಿಯನ್ನೇ ಹಿಡಿದು ನೋಡುತ್ತೇನೆ. 2001ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ನಮ್ಮ ಚನ್ನಗಿರಿ ತಾಲ್ಲೂಕು ಕಚೇರಿಯಲ್ಲೂ ಹದಿನೈದು ರೂಪಾಯಿ ಕೊಟ್ಟು ಸರದಿಯಲ್ಲಿ ನಿಂತವರಿದ್ದಾರೆ. ಆ ಕಾಲದ ಸಾಮಾನ್ಯ ಪಿಸಿಯಲ್ಲಿ ಇರುತ್ತಿದ್ದದ್ದು 64 ಅಥವಾ 128 ಎಂಬಿ ಮೆಮೊರಿ. ಸರ್ವೆ ನಂಬರು, ಹಿಸ್ಸಾ, ಖಾತೆದಾರರ ಹೆಸರು, ವಿಸ್ತೀರ್ಣ, ಬೆಳೆ, ಋಣ: ಪಹಣಿಯ ಅಂಕಣಗಳು ಅಂದಿನಂತೆಯೇ ಇವೆ. ಅದನ್ನು ನೋಡುವ ಯಂತ್ರಕ್ಕೆ ಮಾತ್ರ ಈಗ 8 ಜಿಬಿ ಬೇಕು ಎನ್ನುತ್ತಾರೆ. ನಡುವೆ ಬೆಳೆದದ್ದು ಏನು, ಯಾರಿಗಾಗಿ ಎಂಬುದರ ಬಗ್ಗೆ ಅರವತ್ತು ವರ್ಷಗಳಿಂದ ವಾದ ನಡೆಯುತ್ತಿದೆ.

ಕಣ ಮತ್ತು ಗೋದಾಮು

ಅಡಿಕೆ ಸೀಮೆಯವರಿಗೆ ರ್ಯಾಮ್ ಎಂದರೇನೆಂದು ಹೇಳುವುದು ಸುಲಭ. ಸುಲಿದು ಬೇಯಿಸಿದ ಅಡಿಕೆಯನ್ನು ಹರಡುವ ಕಣ ಅದು. ಹಾರ್ಡ್ ಡಿಸ್ಕ್ ಎಂದರೆ ಗೋದಾಮು. ಗೋದಾಮು ಎಷ್ಟೇ ದೊಡ್ಡದಿರಲಿ, ಕೆಲಸ ನಡೆಯುವುದು ಕಣದಲ್ಲಿ. ಕಣ ತುಂಬಿತೆಂದರೆ ಒಂದು ರಾಶಿ ಎತ್ತಿಟ್ಟು ಇನ್ನೊಂದನ್ನು ಹರಡಬೇಕು, ಎತ್ತಿಟ್ಟದ್ದೇ ಮತ್ತೆ ಬೇಕಾದರೆ ಮತ್ತೆ ಹೊತ್ತು ತರಬೇಕು.

ಈ ಹೊರುವ ಕೆಲಸದ ದೂರ ಎಷ್ಟೆಂಬುದೇ ಮುಖ್ಯ. ರ್ಯಾಮಿನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡು ಹಿಡಿಯುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸುಮಾರು 10 ಮಿಲಿಸೆಕೆಂಡು, ಅಂದರೆ ಲಕ್ಷ ಪಟ್ಟು ಹೆಚ್ಚು. ಎಸ್‌ಎಸ್‌ಡಿಯಾದರೆ ವ್ಯತ್ಯಾಸ ಸಾವಿರ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. “ಸಿಸ್ಟಮ್ ಹ್ಯಾಂಗ್ ಆಯ್ತು” ಎಂದು ನಾವು ಬೈಯುವ ಎಷ್ಟೋ ಗಳಿಗೆಗಳಲ್ಲಿ ಯಂತ್ರ ನಿಂತಿರುವುದಿಲ್ಲ. ಕಣಕ್ಕೂ ಗೋದಾಮಿಗೂ ಓಡಾಡುತ್ತಿರುತ್ತದೆ.

ಸಣ್ಣ ಕಣವನ್ನು ದೊಡ್ಡದೆಂದು ತೋರಿಸುವ ಉಪಾಯವನ್ನು 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಯಂತ್ರ ಮಾಡಿ ತೋರಿಸಿತು. ಮೆಮೊರಿಯನ್ನು ಪುಟಗಳಾಗಿ ಒಡೆದು, ಬೇಡದ ಪುಟವನ್ನು ಆಗಿನ ಗೋದಾಮಾದ ಡ್ರಮ್ಮಿಗೆ ಕಳಿಸಿ, ಬೇಕಾದಾಗ ಮರಳಿ ತರುವ ಈ ಕ್ರಮವೇ ವರ್ಚುವಲ್ ಮೆಮೊರಿ. ಅದರಿಂದ ದೊಡ್ಡ ಪ್ರೋಗ್ರಾಮು ಸಣ್ಣ ಯಂತ್ರದಲ್ಲೂ ಓಡುವಂತಾಯಿತು. “ಎಷ್ಟು ಬೇಕು” ಎಂಬ ಪ್ರಶ್ನೆಗೆ ಒಂದೇ ಉತ್ತರವಿರುವುದೂ ಅಂದಿಗೆ ತಪ್ಪಿತು. ಅದಕ್ಕೆ ಹಿಂದೆ ಹಿಡಿಸುತ್ತದೆ ಅಥವಾ ಹಿಡಿಸುವುದಿಲ್ಲ, ಅಷ್ಟೇ ಇತ್ತು. ಆಮೇಲೆ ಹಿಡಿಸುತ್ತದೆ, ಆದರೆ ಎಷ್ಟು ನಿಧಾನ ಎಂಬ ಪ್ರಶ್ನೆ ಬಂತು.

24 ಕಿಲೋಬೈಟಿನಿಂದ

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಎಪ್ಪತ್ತರ ದಶಕದ ಆರಂಭದಲ್ಲಿ ಪಿಡಿಪಿ-11 ಯಂತ್ರಕ್ಕೆ ಬಂದಾಗ ಅಲ್ಲಿದ್ದದ್ದು 24 ಕಿಲೋಬೈಟ್ ಮೆಮೊರಿ. 16 ವ್ಯವಸ್ಥೆಗೆ, 8 ಬಳಕೆದಾರರಿಗೆ. ಇಂದಿನ ಫೋನುಗಳ ಆಂಡ್ರಾಯ್ಡ್ ಕುಳಿತಿರುವ ಲಿನಕ್ಸ್ ಬೆಳೆದದ್ದು ಈ ಯುನಿಕ್ಸಿನ ಮಾದರಿಯ ಮೇಲೆಯೇ.

ನಮ್ಮ ಜನಕ್ಕೆ ತಟ್ಟಿದ ಏರಿಕೆ ವಿಂಡೋಸಿನದು. ವಿಂಡೋಸ್ 95ಕ್ಕೆ ಕಂಪನಿ ಕೇಳಿದ ಕನಿಷ್ಠ ಮೆಮೊರಿ 4 ಎಂಬಿ. ವಿಂಡೋಸ್ 98ಕ್ಕೆ 16. 2001ರ ಎಕ್ಸ್‌ಪಿಗೆ 64, ಶಿಫಾರಸು 128. 2007ರ ವಿಸ್ಟಾಕ್ಕೆ 512. 2009ರ ವಿಂಡೋಸ್ 7ಕ್ಕೆ 1 ಜಿಬಿ, 64 ಬಿಟ್ ಆವೃತ್ತಿಯಾದರೆ 2. ಅಲ್ಲಿಗೆ ಏರಿಕೆ ಥಟ್ಟನೆ ನಿಂತಿತು. ವಿಂಡೋಸ್ 8, 2015ರ ವಿಂಡೋಸ್ 10, ಎರಡೂ ಅದೇ ಅಂಕಿಯನ್ನು ಉಳಿಸಿಕೊಂಡವು. 2021ರಲ್ಲಿ ವಿಂಡೋಸ್ 11 ಬಂದಾಗ ಅದು 4 ಜಿಬಿ ಆಯಿತು. 2024ರಲ್ಲಿ ಕೋಪೈಲಟ್ ಪ್ಲಸ್ ಎಂಬ ಹೆಸರಿನ ಯಂತ್ರಗಳಿಗೆ 16 ಜಿಬಿ ಕಡ್ಡಾಯ ಮಾಡಿದರು.

ನಡುವಿನ ಹನ್ನೆರಡು ವರ್ಷಗಳ ನಿಲುಗಡೆ ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುತ್ತದೆ. ಮೆಮೊರಿಯ ಬೇಡಿಕೆ ಏರುತ್ತಲೇ ಹೋಗುವುದು ಪ್ರಕೃತಿ ನಿಯಮ ಎಂಬಂತೆ ಮಾತನಾಡುವವರಿದ್ದಾರೆ. ವಿಸ್ಟಾದ ಭಾರಕ್ಕೆ ಜನ ಬೇಸತ್ತು ಎಕ್ಸ್‌ಪಿ ಬಿಡಲೊಲ್ಲದೆ ಕುಳಿತರು. ಅದೇ ಹೊತ್ತಿಗೆ ಅಗ್ಗದ ನೆಟ್‌ಬುಕ್ಕುಗಳೂ ಆಮೇಲೆ ಟ್ಯಾಬ್ಲೆಟ್ಟುಗಳೂ ಮಾರುಕಟ್ಟೆಗೆ ಬಂದವು. ಆಗ ಅದೇ ಕಂಪನಿ ತನ್ನ ವ್ಯವಸ್ಥೆಯನ್ನು ಇಳಿಸಿ ಹಗುರ ಮಾಡಿತು. ಬೇಕೆಂದಾಗ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಏರಿಕೆಯೆಲ್ಲ ದುಂದು ಎನ್ನುವುದೂ ಸರಿಯಲ್ಲ. ನಮ್ಮ ಕಡೆಯ ಹಳೆಯ ಲ್ಯಾಪ್‌ಟಾಪುಗಳ ಪರದೆ ಸಾಮಾನ್ಯವಾಗಿ 1366 ಅಡ್ಡ, 768 ಉದ್ದ ಚುಕ್ಕೆಗಳದು. ಒಂದೊಂದು ಚುಕ್ಕೆಗೆ ನಾಲ್ಕು ಬೈಟ್ ಹಿಡಿದರೆ ಒಂದು ಪರದೆಯ ಚಿತ್ರಕ್ಕೆ 41,96,352 ಬೈಟ್. ನಾಲ್ಕು ಎಂಬಿ ಎಂದರೆ 41,94,304. ವಿಂಡೋಸ್ 95 ಪೂರ್ತಿಯಾಗಿ ಕೇಳುತ್ತಿದ್ದ ಮೆಮೊರಿಗಿಂತ ಈ ಸಾಧಾರಣ ಪರದೆಯ ಒಂದೇ ಒಂದು ಚಿತ್ರ 2,048 ಬೈಟ್ ಹೆಚ್ಚು ಬೇಡುತ್ತದೆ. ಈಗಿನ ವ್ಯವಸ್ಥೆಗಳು ತೆರೆದ ಪ್ರತಿ ಕಿಟಕಿಯ ಚಿತ್ರವನ್ನೂ ಪ್ರತ್ಯೇಕವಾಗಿ ಇಟ್ಟುಕೊಂಡು ಆಮೇಲೆ ಜೋಡಿಸುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅಗ್ಗದ ಯಂತ್ರಗಳಲ್ಲಿ ಅದೆಲ್ಲ ರ್ಯಾಮಿನಿಂದಲೇ ಕಳೆಯುತ್ತದೆ.

ಕನ್ನಡ ಕೇಳಿದ್ದೆಷ್ಟು

ಹೊಸ ವ್ಯವಸ್ಥೆ ಯಾಕೆ ಬೇಕು, ಹಳೆಯದರಲ್ಲೇ ಏನು ಕಡಿಮೆ ಎಂದು ಕೇಳುವವರಿಗೆ ಕನ್ನಡದವರು ಕೊಡಬಹುದಾದ ಉತ್ತರವೊಂದಿದೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ವಿಂಡೋಸಿನಲ್ಲಿ ಅದು ಕಣ್ಣಿಗೆ ಕಾಣಿಸಿಕೊಂಡದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದಕ್ಕೂ ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಇದ್ದವು, ಕನ್ನಡ ಇರಲಿಲ್ಲ. ಎಕ್ಸ್‌ಪಿಯಲ್ಲೂ ಸುಮ್ಮನೆ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಮುಂದೆ ಗುರುತು ಹಾಕಬೇಕಿತ್ತು, ವಿಂಡೋಸ್ ಸಿಡಿ ಹುಡುಕಿ ತಂದು ಕೊಡಬೇಕಿತ್ತು. ಒತ್ತಕ್ಷರ ಸರಿಯಾಗಿ ಕೂತ ಮೊದಲ ಸಾಲು ಪರದೆಯಲ್ಲಿ ಮೂಡಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ. 64 ಎಂಬಿಯ ಯಂತ್ರಕ್ಕೆ ಇನ್ನೊಂದು 64 ಸೇರಿಸಿದ ಖರ್ಚು ಅಂದು ಭಾರವೆನಿಸಲಿಲ್ಲ.

ಅದಕ್ಕೆ ಮೊದಲು ಕನ್ನಡವನ್ನು ನಡೆಸಿದ್ದು ಕನ್ನಡಿಗರ ಜಾಣ್ಮೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ. ಇವು ವ್ಯವಸ್ಥೆಯ ಸಹಾಯವಿಲ್ಲದೆ, ಅಕ್ಷರಗಳ ತುಣುಕುಗಳನ್ನು ಒಂದೊಂದು ಬೈಟಿನ ಸ್ಥಾನಗಳಲ್ಲಿ ಕೂರಿಸಿ ಕನ್ನಡ ಬರೆಸಿದವು. ಕಡಿಮೆ ಮೆಮೊರಿ ಸಾಕಿತ್ತು. ಆದರೆ ಒಂದು ಫಾಂಟಿನ ಬರಹ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು, ಹುಡುಕಲು ಬರುತ್ತಿರಲಿಲ್ಲ. ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ನಂಬಿದ್ದ ಡಿಟಿಪಿ ಅಂಗಡಿಗಳು ಯೂನಿಕೋಡಿಗೆ ಬರಲಾರದೆ, 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಂತ ಮೇಲೂ ಎಕ್ಸ್‌ಪಿಯಲ್ಲೇ ಉಳಿದವು.

ಹಾಗಾದರೆ ಕನ್ನಡ ಕೇಳುವ ಮೆಮೊರಿ ಎಷ್ಟು? “ಕೆರೆಬಿಳಚಿ” ಎಂಬುದರಲ್ಲಿ ಅಕ್ಷರ ಐದು, ಯೂನಿಕೋಡ್ ಸಂಕೇತ ಒಂಬತ್ತು. ಅಂತರ್ಜಾಲದಲ್ಲಿ ನಡೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಟ್ಟು 27. ಅದೇ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ 11 ಬೈಟಿಗೆ ಮುಗಿಯುತ್ತದೆ. ಎರಡೂವರೆ ಪಟ್ಟಿನ ಈ ಅಂತರ ಕಂಡು ಕನ್ನಡಕ್ಕೆ ಅನ್ಯಾಯವಾಗಿದೆ ಎಂದವರಿದ್ದಾರೆ. ಮೊಬೈಲ್ ಸಂದೇಶಕ್ಕೆ ದುಡ್ಡು ಎಣಿಸುತ್ತಿದ್ದ ಕಾಲಕ್ಕೆ ಆ ಮಾತಿಗೆ ತೂಕವಿತ್ತು. ಮೆಮೊರಿಯ ಲೆಕ್ಕದಲ್ಲಿ ಇಲ್ಲ. ಪುಟಕ್ಕೆ 1,500 ಸಂಕೇತ ಎಂದು ಹಿಡಿದರೆ ಮುನ್ನೂರು ಪುಟದ ಒಂದು ಕನ್ನಡ ಕಾದಂಬರಿ ಸುಮಾರು ಹದಿಮೂರೂವರೆ ಲಕ್ಷ ಬೈಟಿನಲ್ಲಿ ಕೂರುತ್ತದೆ. ಮದುವೆ ಮನೆಯಲ್ಲಿ ತೆಗೆದ ಒಂದು ಮೊಬೈಲ್ ಫೋಟೊ ಅದಕ್ಕಿಂತ ದೊಡ್ಡದು. ಪಹಣಿಯ ಬರಹವೆಲ್ಲ ಸೇರಿದರೂ ಕೆಲವೇ ಕಿಲೋಬೈಟ್. ನಾಲ್ಕು ಜಿಬಿ ತಿಂದದ್ದು ನಮ್ಮ ಲಿಪಿಯಲ್ಲ.

ಬೊಜ್ಜಿನ ವಾದ

ಸಾಫ್ಟ್‌ವೇರ್ ಕಾರಣವಿಲ್ಲದೆ ಕೊಬ್ಬಿದೆ ಎಂಬ ಪಂಥದ ಹಿರಿಯ ನಿಕ್ಲಾಸ್ ವಿರ್ತ್. ಪಾಸ್ಕಲ್ ಭಾಷೆ ರೂಪಿಸಿದ ಈ ಸ್ವಿಸ್ ವಿಜ್ಞಾನಿ 1995ರ ಫೆಬ್ರವರಿಯಲ್ಲಿ, ವಿಂಡೋಸ್ 95 ಬರುವ ಆರು ತಿಂಗಳ ಮೊದಲೇ, ತೆಳು ಸಾಫ್ಟ್‌ವೇರಿಗಾಗಿ ಮೊರೆಯಿಡುವ ಲೇಖನ ಬರೆದರು. ಯಂತ್ರಗಳ ವೇಗ ಏರುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂಬುದು ಅವರ ದೂರು. ಮಾತಿನಲ್ಲೇ ನಿಲ್ಲಲಿಲ್ಲ. ಅವರೂ ಗುಟ್‌ಕ್ನೆಖ್ಟ್ ಅವರೂ ಕಟ್ಟಿದ ಓಬೆರಾನ್ ವ್ಯವಸ್ಥೆಯ ತಿರುಳು, ಎಡಿಟರು ಮತ್ತು ಕಂಪೈಲರು ಸೇರಿ, 200 ಕಿಲೋಬೈಟಿನೊಳಗೆ ಇತ್ತು. 2024ರ ಹೊಸ ವರ್ಷದ ದಿನ ವಿರ್ತ್ ತೀರಿಕೊಂಡರು. ಕೊನೆಯವರೆಗೂ ಅವರು ಈ ಮಾತನ್ನು ಬಿಡಲಿಲ್ಲ.

ಈ ವಾದ ಬಹಳಷ್ಟನ್ನು ವಿವರಿಸುತ್ತದೆ. ಇಂದು ಟೈಪ್ ಮಾಡುವ, ಮಾತನಾಡುವ, ಟಿಪ್ಪಣಿ ಬರೆಯುವ ಎಷ್ಟೋ ಆ್ಯಪುಗಳು ತಮ್ಮೊಳಗೊಂದು ಇಡೀ ಬ್ರೌಸರನ್ನು ಹೊತ್ತು ಬರುತ್ತವೆ. ಹಾಗೆ ಮಾಡಿದರೆ ಒಮ್ಮೆ ಬರೆದದ್ದು ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಬರೆಯುವವನ ದುಡಿಮೆ ಉಳಿಯುತ್ತದೆ, ಬೆಲೆಯನ್ನು ಕೆರೆಬಿಳಚಿಯ ಹುಡುಗನ ರ್ಯಾಮು ತೆರುತ್ತದೆ. ಸಣ್ಣ ಫೋನುಗಳಿಗೆಂದೇ 2017ರಲ್ಲಿ ಬಂದ ಆಂಡ್ರಾಯ್ಡ್ ಗೋ ಮೊದಲು ಒಂದು ಜಿಬಿ ಅಥವಾ ಅದಕ್ಕೂ ಕಡಿಮೆಯ ಫೋನುಗಳಿಗಾಗಿ ಇತ್ತು. ಐದೇ ವರ್ಷದಲ್ಲಿ ಅದರ ಕನಿಷ್ಠವೇ ಎರಡು ಜಿಬಿ ಆಯಿತು.

ಸಣ್ಣದಿದ್ದರೆ ಸಾಕು ಎನ್ನುವವರು ಇನ್ನೊಂದು ಕಥೆಯನ್ನೂ ಕೇಳಬೇಕು. ಐಬಿಎಂನ ಒಎಸ್/360 ಕಟ್ಟಿಸಿದ ಫ್ರೆಡ್ ಬ್ರೂಕ್ಸ್, ಪ್ರತಿ ತಂಡಕ್ಕೂ ಇಷ್ಟೇ ಮೆಮೊರಿ ಎಂದು ಮಿತಿ ಹಾಕಿದ್ದರು. ತಂಡಗಳು ಮಿತಿ ಪಾಲಿಸಿದವು, ಹೆಚ್ಚಾದದ್ದನ್ನು ಡ್ರಮ್ಮಿಗೆ ತಳ್ಳಿ. ಡ್ರಮ್ಮಿಗೆ ಎಷ್ಟು ಸಲ ಹೋಗಿಬರಬಹುದು ಎಂಬುದಕ್ಕೆ ಮಿತಿ ಇರಲಿಲ್ಲ. ಆಮೇಲೆ ಅಂದಾಜು ನಡೆಸಿ ನೋಡಿದಾಗ ಫೋರ್ಟ್ರಾನ್ ಕಂಪೈಲರು ನಿಮಿಷಕ್ಕೆ ಐದು ಸಾಲು ಮುಗಿಸುವ ಸ್ಥಿತಿಯಲ್ಲಿತ್ತು. ಕಣ ಸಣ್ಣದಾಗಿಯೇ ಉಳಿದಿತ್ತು, ಹೊರುವವರು ಮಾತ್ರ ಸೋತಿದ್ದರು. ಸಾಫ್ಟ್‌ವೇರ್ ಕೊಳ್ಳುವವನು ಅದರ ಬೆಲೆಯ ಜೊತೆಗೆ ಅದು ಕೂರುವ ಮೆಮೊರಿಯ ಬಾಡಿಗೆಯನ್ನೂ ಕೊಡುತ್ತಿರುತ್ತಾನೆ ಎಂದು ಲೆಕ್ಕ ಹಾಕಿ ತೋರಿಸಿದವರೂ ಬ್ರೂಕ್ಸ್ ಅವರೇ. ತಿಂಗಳಿಗೆ 400 ಡಾಲರ್ ಬಾಡಿಗೆಯ ಒಂದು ಸಾಫ್ಟ್‌ವೇರ್ 160 ಕಿಲೋಬೈಟ್ ಹಿಡಿಯುತ್ತಿತ್ತು. ಆ ಮೆಮೊರಿಯ ಬಾಡಿಗೆ 1,920 ಡಾಲರ್.

ಅಳೆದು ಹೇಳುವವರು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಉತ್ತರ ಪೀಟರ್ ಡೆನ್ನಿಂಗ್ ಅವರದು. 1968ರ ಮೇ ತಿಂಗಳಲ್ಲಿ ಪ್ರಕಟವಾದ ಅವರ ಪ್ರಬಂಧ “ವರ್ಕಿಂಗ್ ಸೆಟ್” ಎಂಬ ಕಲ್ಪನೆಯನ್ನು ಮುಂದಿಟ್ಟಿತು. ಕನ್ನಡದಲ್ಲಿ ದುಡಿಮೆಯ ರಾಶಿ ಎನ್ನೋಣ. ಪ್ರೋಗ್ರಾಮು ಎಷ್ಟೇ ದೊಡ್ಡದಿರಲಿ, ಯಾವುದೇ ಸಣ್ಣ ಅವಧಿಯಲ್ಲಿ ಅದು ಮುಟ್ಟುವುದು ತನ್ನ ಕೆಲವೇ ಪುಟಗಳನ್ನು. ಆ ಪುಟಗಳ ರಾಶಿ ಮೆಮೊರಿಯಲ್ಲಿ ಹಿಡಿಸಿದರೆ ಕೆಲಸ ಸರಾಗ. ಕೊಂಚವೇ ಕಡಿಮೆಯಾದರೂ ಯಂತ್ರ ಮೆಲ್ಲಮೆಲ್ಲನೆ ನಿಧಾನವಾಗುವುದಿಲ್ಲ, ಒಮ್ಮೆಗೇ ಕುಸಿಯುತ್ತದೆ. ಹೊತ್ತು ತಂದ ಪುಟಕ್ಕೆ ಜಾಗ ಮಾಡಲು ಎತ್ತಿಟ್ಟದ್ದೇ ಮರುಗಳಿಗೆ ಬೇಕಾಗುತ್ತದೆ.

ಸೂಳೆಕೆರೆಯ ಅಚ್ಚುಕಟ್ಟಿನವರು ಇದನ್ನು ಬೇರೆ ಹೆಸರಿನಲ್ಲಿ ಬಲ್ಲರು. ಕೆರೆಯಲ್ಲಿ ಎಷ್ಟು ನೀರಿರಬೇಕು ಎಂದರೆ, ಯಾವ ಬೆಳೆ ಎಂದು ತಿರುಗಿ ಕೇಳುತ್ತಾರೆ. ಭತ್ತಕ್ಕೊಂದು ಲೆಕ್ಕ, ತೋಟಕ್ಕೊಂದು ಲೆಕ್ಕ.

ಈ ದೃಷ್ಟಿಯಿಂದ ನೋಡಿದರೆ ಹುಡುಗನಿಗೆ ಸಿಕ್ಕ ಮೂರು ಉತ್ತರಗಳ ಗೋಜಲು ಬಿಡುತ್ತದೆ. 4 ಜಿಬಿ ಎಂಬುದು ವ್ಯವಸ್ಥೆ ಎದ್ದು ನಿಲ್ಲಲು ಬೇಕಾದದ್ದು. 8 ಎಂಬುದು ವ್ಯವಸ್ಥೆಯ ಜೊತೆ ಬ್ರೌಸರಿನ ಏಳೆಂಟು ಟ್ಯಾಬು, ಒಂದು ಪಿಡಿಎಫ್, ನುಡಿ, ಪ್ರಿಂಟರಿನ ಸಾಫ್ಟ್‌ವೇರು ಸೇರಿದ ದುಡಿಮೆಯ ರಾಶಿ. 16 ಎಂಬುದು ಎಂಜಿನಿಯರಿಂಗ್ ಹುಡುಗನ ರಾಶಿ, ಅವನು ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುತ್ತಾನೆ. ತನ್ನದೆಷ್ಟು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಅಂಗಡಿ ತುಂಬಿರುವ ಹೊತ್ತಿನಲ್ಲಿ, ಎಲ್ಲವೂ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಬಳಕೆಯಲ್ಲಿರುವುದು ಎಷ್ಟು, ಕಮಿಟೆಡ್ (ಪ್ರೋಗ್ರಾಮುಗಳಿಗೆ ಕೊಡುವುದಾಗಿ ಒಪ್ಪಿಕೊಂಡದ್ದು) ಎಷ್ಟು ಎಂದು ಅದು ತೋರಿಸುತ್ತದೆ. ಕಮಿಟೆಡ್ ಎಂಬ ಅಂಕಿ ಇರುವ ರ್ಯಾಮನ್ನು ದಿನವಿಡೀ ಮೀರಿಯೇ ಇದ್ದು, ಡಿಸ್ಕ್ ನೂರಕ್ಕೆ ನೂರು ಎಂದು ತೋರಿಸುತ್ತಿದ್ದರೆ ಕಣ ಸಾಲದು ಎಂದು ಅನುಮಾನಿಸಲು ಆಧಾರವಿದೆ.

ಊರೂರಿನ ರಿಪೇರಿಯವರ ಮಾತೂ ಈ ಪಂಥಕ್ಕೇ ಸೇರುತ್ತದೆ: “ಮೊದ್ಲು ಎಸ್‌ಎಸ್‌ಡಿ ಹಾಕ್ಸಿ, ರ್ಯಾಮ್ ಆಮೇಲೆ ನೋಡಣ.” ಕಣವನ್ನು ದೊಡ್ಡದು ಮಾಡಲಾಗದಿದ್ದರೆ ಗೋದಾಮನ್ನು ಹತ್ತಿರ ತರುವುದು. ಬ್ರೂಕ್ಸ್ ಡ್ರಮ್ಮಿನಿಂದ ಕಲಿತದ್ದನ್ನು ಇವರು ಕೈಕೆಲಸದಿಂದ ಕಲಿತಿದ್ದಾರೆ.

ಖಾಲಿ ಇದ್ದರೆ ದಂಡ ಎನ್ನುವವರು

“ಏನೂ ತೆರೆಯದಿದ್ದರೂ ಎರಡು ಜಿಬಿ ತಿಂದು ಕೂತಿದೆ” ಎಂಬ ದೂರಿಗೆ ವ್ಯವಸ್ಥೆ ಕಟ್ಟುವವರು ಕೊಡುವ ಉತ್ತರ ಬೇರೆ. ದುಡ್ಡು ಕೊಟ್ಟು ತಂದ ಮೆಮೊರಿಯನ್ನು ಖಾಲಿ ಬಿಡುವುದೇಕೆ? ನಾಳೆ ಬೇಕಾಗಬಹುದಾದ ಕಡತಗಳನ್ನು ಅಲ್ಲಿ ತಂದಿಟ್ಟಿರೋಣ, ಯಾರಾದರೂ ಜಾಗ ಕೇಳಿದರೆ ತಕ್ಷಣ ಬಿಟ್ಟುಕೊಡೋಣ. ಲಿನಕ್ಸ್ ಮೊದಲಿನಿಂದ ಹೀಗೆ ಮಾಡುತ್ತದೆ, ವಿಸ್ಟಾ ಇದನ್ನು ಸೂಪರ್‌ಫೆಚ್ ಎಂಬ ಹೆಸರಿನಲ್ಲಿ ಮುಂದುವರಿಸಿತು. 16 ಜಿಬಿ ಯಂತ್ರದಲ್ಲಿ ವಿಂಡೋಸ್ ಹೆಚ್ಚು ಬಳಸುವುದನ್ನು ಕಂಡು ಅದಕ್ಕೆ ಅಷ್ಟು ಬೇಕೇ ಬೇಕು ಎಂದುಕೊಳ್ಳುವುದು ತಪ್ಪು ಲೆಕ್ಕ. ಇದೇ ಸಾಲಿಗೆ ಸೇರುವ ಇನ್ನೊಂದು ಉಪಾಯ ಒತ್ತಿಡುವುದು. ಬೇಡದ ಪುಟವನ್ನು ಡಿಸ್ಕಿಗೆ ಕಳಿಸುವ ಬದಲು ಮೆಮೊರಿಯಲ್ಲೇ ಕುಗ್ಗಿಸಿ ಇಡುತ್ತಾರೆ. 2013ರಲ್ಲಿ ಮ್ಯಾಕ್, ಮರುವರ್ಷ ಲಿನಕ್ಸಿನ ಝಡ್‌ರ್ಯಾಮ್, ಆಮೇಲೆ ವಿಂಡೋಸ್ 10 ಈ ದಾರಿ ಹಿಡಿದವು.

ಗೋಡೆಗಳ ಬೆಲೆ

ಪಹಣಿ ನೋಡುವ ಬ್ರೌಸರಿನಲ್ಲೇ ಹುಡುಗ ರೈತರೊಬ್ಬರ ಬ್ಯಾಂಕ್ ಖಾತೆಯ ವಿವರ ತುಂಬುತ್ತಾನೆ, ಆಧಾರ್ ಸಂಖ್ಯೆ ಹಾಕುತ್ತಾನೆ. ಪಕ್ಕದ ಟ್ಯಾಬಿನಲ್ಲಿ ಎಂಥದೋ ಜಾಹೀರಾತು ಓಡುತ್ತಿರುತ್ತದೆ. ಆ ಟ್ಯಾಬು ಈ ಟ್ಯಾಬಿನೊಳಗೆ ಇಣುಕದಂತೆ ಗೋಡೆ ಬೇಕು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಪ್ರೊಸೆಸರಿನ ಒಳಗುಟ್ಟು ಬಳಸಿ ಒಂದು ಪುಟ ಇನ್ನೊಂದರ ಮೆಮೊರಿ ಓದಬಹುದೆಂದು ಗೊತ್ತಾದ ಮೇಲೆ ಕ್ರೋಮ್ ಪ್ರತಿ ತಾಣವನ್ನೂ ಬೇರೆ ಬೇರೆ ಪ್ರೋಸೆಸ್ಸಿನಲ್ಲಿ ಇರಿಸತೊಡಗಿತು. ಇದರಿಂದ ಮೆಮೊರಿ ಬಳಕೆ ಶೇ. 10ರಿಂದ 13ರಷ್ಟು ಏರುತ್ತದೆ ಎಂದು ಗೂಗಲ್ ತಾನೇ ಹೇಳಿತು.

ಈ ಬೆಲೆ ಕೊಡಲೇಬೇಕಾದದ್ದು. 64 ಎಂಬಿಯ ಕಾಲದ ಯಂತ್ರಕ್ಕೆ ಈ ಗೋಡೆಗಳಿರಲಿಲ್ಲ, ಅಂದು ನಮ್ಮವರ ಖಾತೆಯೂ ಅದರಲ್ಲಿರಲಿಲ್ಲ. ಹಳೆಯ ಹಗುರ ವ್ಯವಸ್ಥೆಗಳನ್ನು ನೆನೆದು ಕೊರಗುವವರು ಇದನ್ನು ಮರೆಯುತ್ತಾರೆ.

ಸುರಕ್ಷತೆಯ ಹೆಸರಿನಲ್ಲೇ ಇನ್ನೊಂದು ಗೋಡೆಯೂ ಎದ್ದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಬೀಗದ ಚಿಪ್ ಬೇಕು, ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಹೊಸದಾದ ಪ್ರೊಸೆಸರ್ ಬೇಕು. ನಾಲ್ಕನೆಯ ಪೀಳಿಗೆಯ ಐ3 ಯಂತ್ರಕ್ಕೆ 32 ಜಿಬಿ ಹಾಕಿದರೂ ಅದು ಅರ್ಹವಲ್ಲ. ಹುಡುಗನ ಯಂತ್ರವೂ ಆ ಪೀಳಿಗೆಯದೇ. ಅವನು ರ್ಯಾಮ್ ಕೇಳುತ್ತಿದ್ದ, ಬಾಗಿಲು ಮುಚ್ಚಿದ್ದದ್ದು ಬೇರೆಡೆ.

ಪೆಟ್ಟಿಗೆಯ ಮೇಲಿನ ಅಂಕಿ

ಕನಿಷ್ಠ ಎಂದು ಅಚ್ಚಾಗುವ ಅಂಕಿಗೆ ಮಾರಾಟದ ಕಾರಣಗಳೂ ಇರುತ್ತವೆ ಎಂಬುದಕ್ಕೆ ದೊಡ್ಡ ಉದಾಹರಣೆ ವಿಸ್ಟಾ. ಬಿಡುಗಡೆಗೆ ಮುನ್ನ ಯಂತ್ರಗಳ ಮೇಲೆ “ವಿಸ್ಟಾಗೆ ಸಮರ್ಥ” ಎಂಬ ಚೀಟಿ ಅಂಟಿಸಲಾಗಿತ್ತು. ಅವುಗಳಲ್ಲಿ ಹಲವು, ಹೊಸ ವ್ಯವಸ್ಥೆಯ ಮುಖ್ಯ ಆಕರ್ಷಣೆಯಾಗಿದ್ದ ನೋಟವನ್ನು ಓಡಿಸಲಾರದವು. 2007ರಲ್ಲಿ ಗ್ರಾಹಕರು ಸಿಯಾಟಲ್‌ನಲ್ಲಿ ಮೊಕದ್ದಮೆ ಹೂಡಿದಾಗ ಕಂಪನಿಯ ಒಳಗಿನ ಪತ್ರಗಳು ಹೊರಬಂದವು. ಸ್ವತಃ ಅಧಿಕಾರಿಗಳೇ ಆ ಚೀಟಿ ನಂಬಿ ಕೊಂಡ ಯಂತ್ರಗಳ ಬಗ್ಗೆ ಅಸಮಾಧಾನ ತೋಡಿಕೊಂಡಿದ್ದರು. 2009ರಲ್ಲಿ ನ್ಯಾಯಾಲಯ ಸಾಮೂಹಿಕ ದಾವೆಯ ಮಾನ್ಯತೆ ಹಿಂತೆಗೆದುಕೊಂಡಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಕನಿಷ್ಠವನ್ನು ಕೆಳಗಿಟ್ಟರೆ ಹಳೆಯ ದಾಸ್ತಾನು ಖಾಲಿಯಾಗುತ್ತದೆ, ಮೇಲಿಟ್ಟರೆ ಹೊಸ ಯಂತ್ರ ಮಾರಾಟವಾಗುತ್ತದೆ. ಎರಡರಲ್ಲೂ ಕೊಳ್ಳುವವನ ದಿನದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ಕಡಿಮೆಯಲ್ಲಿ ನಡೆಸಿದವರು

ಕರ್ನಾಟಕದಲ್ಲೇ ಎದುರು ದಾರಿ ಹಿಡಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್, ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ. 32ರಿಂದ 64 ಎಂಬಿ ಮೆಮೊರಿ. ಓದು ಬಾರದವರಿಗೂ ದಕ್ಕಲೆಂದು ಅದರ ಜೊತೆ ಧ್ವನಿ ಎಂಬ ತಂತ್ರಾಂಶ ಬೆಳೆಯಿತು, ಅದು ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುತ್ತಿತ್ತು. ಮೊಬೈಲ್ ಫೋನಿನ ಅಬ್ಬರದಲ್ಲಿ, ಬೆಲೆ ಅಂದುಕೊಂಡಷ್ಟು ಇಳಿಯದೆ, ಸಿಂಪ್ಯೂಟರ್ ಮರೆಗೆ ಸರಿಯಿತು. ಆದರೂ ಆ ಯತ್ನದಲ್ಲಿ ಇದ್ದ ಕಾಳಜಿಯನ್ನು ನಾನು ಮರೆಯಲಾರೆ. ಬಳಸುವವನ ಜೇಬಿನಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ ಮೆಮೊರಿ ಎಷ್ಟಿರಬೇಕೆಂದು ನಿರ್ಧರಿಸಿದ್ದರು.

ಶಾಲೆಗಳಲ್ಲಿ ಲಿನಕ್ಸಿನ ದಾರಿ ಇನ್ನೂ ಜೀವಂತವಾಗಿದೆ. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಕಲಿತರು. ಕೇರಳದ ಶಾಲೆಗಳು ಇದನ್ನು ಇನ್ನೂ ದೂರ ಒಯ್ದವು. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿ ಕಟ್ಟುತ್ತದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕಂಪ್ಯೂಟರ್ ಪಾಠವೂ ಅದರಲ್ಲೇ.

ಲಿನಕ್ಸ್ ಹಾಕಿದರೆ ಎಲ್ಲ ಪರಿಹಾರ ಎನ್ನುವ ಉತ್ಸಾಹಿಗಳಿಗೆ ಎರಡು ಮಾತು. ಆ್ಯಂಟಿಎಕ್ಸ್‌ನಂಥ ಹಗುರ ಆವೃತ್ತಿ 256 ಎಂಬಿಯಲ್ಲೂ ಏಳುತ್ತದೆ, ನಿಜ. ಆದರೆ ಅದರಲ್ಲಿ ತೆರೆಯುವ ಬ್ರೌಸರು ವಿಂಡೋಸಿನಲ್ಲಿ ತಿಂದಷ್ಟೇ ತಿನ್ನುತ್ತದೆ. ವ್ಯವಸ್ಥೆಯಲ್ಲಿ ಉಳಿಸಿದ್ದನ್ನು ಸರ್ಕಾರಿ ಪೋರ್ಟಲಿನ ಎರಡು ಪುಟ ಕಸಿದುಕೊಳ್ಳಬಹುದು. ಮತ್ತೆ, ಹಳೆಯ ಯಂತ್ರಗಳ ಆಸರೆಯಾಗಿದ್ದ 32 ಬಿಟ್ ಲಿನಕ್ಸ್ ಕೂಡ ಮುಗಿಯುತ್ತಾ ಬಂದಿದೆ. ಉಬುಂಟು 2017ರಲ್ಲೇ ಅದರ ಡೆಸ್ಕ್‌ಟಾಪ್ ಪ್ರತಿ ನಿಲ್ಲಿಸಿತು, ಡೆಬಿಯನ್ 2025ರಲ್ಲಿ ಅದರ ಅನುಸ್ಥಾಪಕವನ್ನು ಕೈಬಿಟ್ಟಿತು.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಬೆಲೆ. ಮೆಮೊರಿ ವರ್ಷ ವರ್ಷ ಅಗ್ಗವಾಗುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಏರಿಕೆಯೆಲ್ಲ ನಿಂತಿದೆ. ಅದು ಹಿಂದೆಯೂ ಮುರಿದಿತ್ತು. 1988ರ ಚಿಪ್ ಅಭಾವದಲ್ಲಿ, ಹೆಚ್ಚು ಮೆಮೊರಿ ಕೇಳುತ್ತಿದ್ದ ಒಎಸ್/2 ಎಂಬ ವ್ಯವಸ್ಥೆಗೆ ಪೆಟ್ಟು ಬಿತ್ತು. 1993ರಲ್ಲಿ ಜಪಾನಿನ ಸುಮಿತೊಮೊ ರಾಳದ ಕಾರ್ಖಾನೆ ಸ್ಫೋಟಗೊಂಡು ಬೆಲೆ ಜಿಗಿಯಿತು. ಈಗ ಮತ್ತೆ ಮುರಿದಿದೆ. ಎಐ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮಿನ ಬೆಲೆ ಎರಡು ಪಟ್ಟು ಮೀರಿ ಏರಿತು. ಲೋಕಕ್ಕೆಲ್ಲ ಮೆಮೊರಿ ಕೊಡುವ ಮೂರು ದೊಡ್ಡ ಕಂಪನಿಗಳಲ್ಲಿ ಒಂದಾದ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಸಾರಿತು. 16 ಜಿಬಿ ಮಾಮೂಲಾಗುತ್ತದೆ ಎಂದು ಎಣಿಸಿ ಬರೆದ ಸಾಫ್ಟ್‌ವೇರು ಈ ಬೆಲೆಯಲ್ಲಿ ಮತ್ತೆ ಹಗುರವಾಗುತ್ತದೆಯೇ, 2009ರಲ್ಲಿ ವಿಂಡೋಸ್ 7 ಆದಂತೆ?

ಎರಡನೆಯದು, ಯಂತ್ರದೊಳಗೇ ಓಡುವ ಎಐ. ಕನ್ನಡ ಮಾತನ್ನು ಕೇಳಿ ಬರೆಯುವ, ಅರ್ಜಿ ಓದಿ ಹೇಳುವ ಮಾದರಿ ಅಂಗಡಿಯ ಕಂಪ್ಯೂಟರಿನಲ್ಲೇ ಇದ್ದರೆ ರೈತರ ವಿವರ ಹೊರಹೋಗಬೇಕಿಲ್ಲ. ಆದರೆ ಅಂಥ ಮಾದರಿ ಪೂರ್ತಿಯಾಗಿ ಮೆಮೊರಿಯಲ್ಲಿ ಕೂರಬೇಕು. ದುಡಿಮೆಯ ರಾಶಿ ಸಣ್ಣದೆಂಬ ಡೆನ್ನಿಂಗ್ ಅವರ ಗ್ರಹಿಕೆ ಅಲ್ಲಿ ಅಷ್ಟಾಗಿ ಹೊಂದುವುದಿಲ್ಲ, ಏಕೆಂದರೆ ಒಂದೊಂದು ಪದಕ್ಕೂ ಮಾದರಿಯ ಬಹುಭಾಗವನ್ನು ಮುಟ್ಟಬೇಕಾಗುತ್ತದೆ.

ಮೂರನೆಯದು ರಿಪೇರಿ. ರ್ಯಾಮನ್ನು ಬೋರ್ಡಿಗೇ ಬೆಸೆದ ಲ್ಯಾಪ್‌ಟಾಪುಗಳು ಹೆಚ್ಚುತ್ತಿವೆ. ಅಲ್ಲಿ ಕೊಳ್ಳುವ ದಿನವೇ ಮುಂದಿನ ಏಳೆಂಟು ವರ್ಷದ ಅಂದಾಜು ಮಾಡಬೇಕು. ಆ ಅಂದಾಜನ್ನು ತಯಾರಕರೇ ಮಾಡಲಾರರು.

ಹುಡುಗ ಸದ್ಯಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ, ಕೆಟ್ಟ ಯಂತ್ರವೊಂದರಿಂದ ತೆಗೆದ 4 ಜಿಬಿ ಸೇರಿಸಿ, ವಿಂಡೋಸ್ 10ಕ್ಕೆ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟಿಗೆ ಹೆಸರು ಕೊಟ್ಟಿದ್ದಾನೆ. ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಮೊನ್ನೆ ಅವನು ಪಹಣಿ ತೆಗೆಯುವಾಗ ಇಬ್ಬರೂ ಕೂತು ಟಾಸ್ಕ್ ಮ್ಯಾನೇಜರ್ ನೋಡಿದೆವು. ಐದು ಜಿಬಿ ದಾಟಿತ್ತು. ಅದರಲ್ಲಿ ಗೋಡೆಗಳಿಗೆಷ್ಟು, ಪರದೆಗೆಷ್ಟು, ನಾಳೆಗೆಂದು ತಂದಿಟ್ಟದ್ದೆಷ್ಟು, ಯಾರದೋ ಅನುಕೂಲಕ್ಕೆ ಹೊತ್ತು ತಂದದ್ದೆಷ್ಟು ಎಂದು ಅವನು ಕೇಳಿದ. ಒಂದೇ ಪುಟವನ್ನು ನಾಲ್ಕು ಪ್ರೋಗ್ರಾಮುಗಳು ಹಂಚಿಕೊಂಡಿರುವಾಗ ಅದು ಯಾರ ಲೆಕ್ಕಕ್ಕೆ ಹೋಗಬೇಕು ಎಂಬುದಕ್ಕೇ ಪರಿಣತರಲ್ಲಿ ಒಂದು ಒಪ್ಪಿದ ಕ್ರಮವಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆವು. ಅಷ್ಟರಲ್ಲಿ ಪ್ರಿಂಟರಿನಿಂದ ಪಹಣಿ ಹೊರಬಂತು, ಅವನು ಅದಕ್ಕೆ ಪಿನ್ ಹಾಕಿ ಕಾಯುತ್ತಿದ್ದವರ ಕೈಗೆ ಕೊಟ್ಟ.